ಕಿರುಗುಟ್ಟುವ ಬ್ರೇಕಿಗೆ ಒಂದು ಹನಿ ಎಣ್ಣೆ

ಎಲ್ಲರೂ ಮನೆ ಬಿಡೋದು ಒಂದು ಸಲ, ಟೈಲರಣ್ಣ ಬಿಡೋದು ಎರಡು ಸಲ. ನಮ್ಮ ಬೀದಿಯಲ್ಲಿ ಅವನ ಬಗ್ಗೆ ಇದ್ದ ಮಾತು ಇದು. ಬೀಗ ಹಾಕುತ್ತಿದ್ದ, ಜಗ್ಗಿ ನೋಡುತ್ತಿದ್ದ, ಬೀದಿಯ ತಿರುವಿನ ತನಕ ನೆಟ್ಟಗೆ ಹೋಗುತ್ತಿದ್ದ. ಅಲ್ಲಿ ಬೀಗ ಹಾಕಿದೆನೋ ಇಲ್ಲವೋ ಅನ್ನೋ ಅನುಮಾನ ಹಿಡಿಯುತ್ತಿತ್ತು. ಯಾರೂ ನೋಡುತ್ತಿಲ್ಲ ಅನ್ನೋ ಹಾಗೆ ಮುಖ ಮಾಡಿಕೊಂಡು ವಾಪಸ್ಸು ಬಂದು ಮತ್ತೊಮ್ಮೆ ಜಗ್ಗುತ್ತಿದ್ದ.

"ಅವನು ಮೊದಲ್ನೇ ಸಲ ಹೋದಾಗ ಹಾಲು ಇಡ್ತೀನಿ, ಎರಡ್ನೇ ಸಲ ಹೋಗೋ ಹೊತ್ತಿಗೆ ಉಕ್ಕುತ್ತೆ. ನನಗ್ಯಾಕೆ ಗಡಿಯಾರ?" ಅನ್ನುತ್ತಿದ್ದಳು ಎದುರುಮನೆ ಅಜ್ಜಿ.

ಬೀದಿಯ ಪೋಲಿಗಳು ಇನ್ನೂ ಒಂದು ಕೈ ಮೇಲೆ. "ಅಣ್ಣಾ, ಇಸ್ತ್ರಿಪೆಟ್ಟಿಗೆ ಆರಿಸಿದ್ಯಾ?" ಅಂತ ದಾರಿಯಲ್ಲಿ ತಣ್ಣಗೆ ಕೇಳಿಬಿಟ್ಟರೆ ಮುಗೀತು, ಪಾಪ, ಮೂರನೇ ಸಲವೂ ಬರುತ್ತಿದ್ದ.

ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ಸಂಸಾರ, ನಡುವೆ ಒಂದು ಪರದೆ. ಮಿಷನ್ನಿಗೆ ದಿನಾ ಬೆಳಿಗ್ಗೆ ಉದ್ದ ಮೂತಿಯ ಡಬ್ಬಿಯಿಂದ ಎಣ್ಣೆ ಬಿಡುತ್ತಿದ್ದ. ಎಲ್ಲಿ ತೂತು ಕಾಣುತ್ತೋ ಅಲ್ಲಿ ಒಂದು ಹನಿ, ಎಲ್ಲಿ ಕಿರುಗುಟ್ಟುತ್ತೋ ಅಲ್ಲಿ ಇನ್ನೊಂದು ಹನಿ. ಅಪ್ಪನ ಕಾಲದ ಆ ಮಿಷನ್ನು ಸದ್ದೇ ಇಲ್ಲದೆ ಓಡುತ್ತಿತ್ತು. ಸದ್ದು ಬಂದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅವನ ಹೆಂಡತಿ ನರ್ಸಕ್ಕ. ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ, ಆಗಷ್ಟೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಕೆಲಸ. ಅವಳು ಇವನಿಗೆ ತದ್ವಿರುದ್ಧ. ಮನೆ ಹತ್ತಿ ಉರಿಯುತ್ತಿದ್ದರೂ ಮೊದಲು ಕೂದಲು ಗಂಟು ಹಾಕಿಕೊಂಡು ಆಮೇಲೆ ನೀರು ಹುಡುಕುವಂಥ ಹೆಂಗಸು. ಕೆಲಸ ಮುಗಿಸಿ ಮುಸ್ಸಂಜೆಗೆ ಬಸ್ಸಿನಲ್ಲಿ ಇಳಿದು ಬರುತ್ತಿದ್ದಳು. ಒಂದು ದಿನ ಆ ಬಸ್ಸನ್ನೇ ರದ್ದು ಮಾಡಿದರು. ಜನ ಸಾಲದಂತೆ. ಅವಳು ನಡೆದು ಇಳಿಯತೊಡಗಿದಳು. ಹಾಗೆ ಇಳಿಯುವಾಗ ಜಾರಿ ಮಂಡಿ ತಿರುಚಿಕೊಂಡಳು. ಹತ್ತುವಾಗ ಹಾಲಿನ ಗಾಡಿ ಸಿಗುತ್ತಿತ್ತು, ಇಳಿಯುವಾಗ ಏನೂ ಇಲ್ಲ. ಇಳಿಜಾರಿನಲ್ಲಿ ಮಂಡಿ ಕೈಕೊಡುತ್ತಿತ್ತು.

"ಹಿಂಗಾದ್ರೆ ಕೆಲಸ ಬಿಡಬೇಕಾಗುತ್ತೆ ಕಣ್ರೀ," ಅಂದಳು ಒಂದು ಸಂಜೆ, ಮಂಡಿಗೆ ಬಿಸಿನೀರಿನ ಬಟ್ಟೆ ಹಿಡಿದುಕೊಂಡು. ಅಳಲಿಲ್ಲ. ಆದರೆ ಆ ಮಾತಾಡುವಾಗ ಗೋಡೆ ಕಡೆ ನೋಡಿದಳು. ಟೈಲರಣ್ಣನಿಗೆ ಅದೇ ಸಾಕಾಯಿತು. ಸೈಕಲ್ಲನ್ನೂ ಹೆದರಿಕೊಂಡೇ ತುಳಿಯುತ್ತಿದ್ದವನು ಮರುದಿನ ಮೆಕ್ಯಾನಿಕ್ ಮಾವನ ಶೆಡ್ಡಿಗೆ ಹೋಗಿ ಒಂದು ಹಳೇ ಬೈಕು ತಂದ. ಓಡಿಸಲು ಕಲಿಯೋದಕ್ಕೇ ತಿಂಗಳುಗಳು ಬೇಕಾದವು.

ಈ ಮಾವ ಬೀದಿಗೆಲ್ಲ ಮಾವನೇ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹೊಸಬನಿಗೆ ಗಾಡಿ ನೋಡಿಕೊಳ್ಳೋದು ಹೇಗೆ ಅಂತ ನಿಂತ ನಿಲುವಲ್ಲೇ ಹೇಳಿದ. ಬೆಳಿಗ್ಗೆ ಚಕ್ರದ ಗಾಳಿ ನೋಡು. ಚೈನನ್ನ ಕೆಳಗಿಂದ ಬೆರಳಲ್ಲಿ ಎತ್ತಿ ನೋಡು, ಎರಡು ಬೆರಳು ಅಗಲದಷ್ಟು ಆಡಬೇಕು. ಅದಕ್ಕೆ ಆಗಾಗ ಎಣ್ಣೆ ಬಿಡು. ಇಂಜಿನ್ ಎಣ್ಣೆ ಕಡ್ಡಿ ತೆಗೆದು ನೋಡು. ದೀಪ ನೋಡು, ಹಾರ್ನು ನೋಡು, ದೇವರ ಮೇಲೆ ಭಾರ ಹಾಕು.

ಟೈಲರಣ್ಣ ಮೊದಲ ವಾರವೇ ಓಡಿ ಬಂದ. "ಮಾವ, ಇಂಜಿನ್ ಎಣ್ಣೆ ಖಾಲಿಯಾಗ್ತಿದೆ. ಕಡ್ಡಿ ತುದಿಗೂ ಹತ್ತುತ್ತಿಲ್ಲ."

"ಗಾಡಿ ಹೆಂಗೆ ನಿಲ್ಸಿ ನೋಡಿದೆ?"

"ಸೈಡ್ ಸ್ಟ್ಯಾಂಡ್ ಹಾಕಿ."

"ಒಂದು ಕಾಲ ಮೇಲೆ ವಾಲ್ಕೊಂಡು ನಿಂತೋನ ಅಳತೆ ತಗೊಂಡ್ರೆ ಪ್ಯಾಂಟು ಸರಿ ಬರುತ್ತೇನಯ್ಯಾ? ನೆಟ್ಟಗೆ ನಿಲ್ಸಿ ನೋಡು."

ಮತ್ತೆ ಬಂದ. ಚೈನು ಆಡುತ್ತೆ ಅನ್ನೋ ಭಯಕ್ಕೆ ಮಿಷನ್ನಿನ ದಾರ ಎಳೆದು ಬಿಗಿಯೋ ಹಾಗೆ ಬಿಗಿ ಮಾಡಿಟ್ಟಿದ್ದ. ಮಾವ ಹಣೆ ಚಚ್ಚಿಕೊಂಡು ಸಡಿಲ ಮಾಡಿಕೊಟ್ಟ. ಮೂರನೇ ಸಲ ಬಂದಾಗ ಮುಖದಲ್ಲಿ ನೆತ್ತರಿರಲಿಲ್ಲ. "ಬ್ರೇಕು ಕಿರುಗುಟ್ಟುತ್ತೆ ಮಾವ."

"ಧೂಳು ಕೂತಿರುತ್ತೆ ಬಿಡು. ನಾಳಿದ್ದು ತಗೊಂಬಾ, ಬಿಚ್ಚಿ ಒರೆಸೋಣ. ಕಿರುಗುಟ್ಟಿದ್ರೆ ಪ್ರಾಣ ಏನೂ ಹೋಗಲ್ಲ."

ನಾಳಿದ್ದು! ಟೈಲರಣ್ಣನಂಥವನಿಗೆ ನಾಳಿದ್ದು ಅನ್ನೋದು ಬಹಳ ದೂರದ ಊರು. ಆ ಸದ್ದು ಕಿವಿಯೊಳಗೆ ಕೂತುಬಿಟ್ಟಿತು. ಹೊಲಿಯುತ್ತ ಕೂತರೆ ಕಿರ್ ಅನ್ನುತ್ತಿತ್ತು, ತಲೆದಿಂಬಿಗೆ ಕಿವಿ ಕೊಟ್ಟರೆ ಕಿರ್ ಅನ್ನುತ್ತಿತ್ತು. ಹಿಂದೆ ಕೂರುವವಳು ಹೆಂಡತಿ, ಇಳಿಯಬೇಕಾದದ್ದು ಆ ಗುಡ್ಡ. ಇಳಿಜಾರು ಮುಗಿಯುವಲ್ಲಿ ಲಾರಿಗಳು ಗಾಳಿಯ ಹಾಗೆ ಹೋಗುವ ದೊಡ್ಡ ರಸ್ತೆ. ಮರುದಿನ ಮಧ್ಯಾಹ್ನ ತಡೆಯಲಾಗಲಿಲ್ಲ. ಮಿಷನ್ನಿನ ಪಕ್ಕ ಇದ್ದ ಉದ್ದ ಮೂತಿಯ ಡಬ್ಬಿ ಎತ್ತಿಕೊಂಡು ಬಂದ. ಚಕ್ರದ ನಡುವಿನ ದುಂಡನೆಯ ಡಬರಿಯಂಥ ಭಾಗದಲ್ಲೇ ಬ್ರೇಕು ಇರೋದು, ಅದು ಅವನಿಗೆ ಗೊತ್ತಿತ್ತು. ಅದರ ಅಂಚಿನ ಸಂದಿಗೆ ಮೂತಿ ಇಟ್ಟು ಒತ್ತಿದ. ಒಂದು ಹನಿ. ಚಕ್ರ ತಿರುಗಿಸಿ ಬ್ರೇಕು ತುಳಿದ. ಇನ್ನೂ ಸಣ್ಣಗೆ ಅನ್ನುತ್ತಿದೆ. ಇನ್ನೊಂದು ಹನಿ, ಮತ್ತೊಂದು. ಹಿಂದಿನದಾದ ಮೇಲೆ ಮುಂದಿನದಕ್ಕೂ ಬಿಟ್ಟ, ಒಂದಕ್ಕೆ ಮಾಡಿ ಒಂದಕ್ಕೆ ಬಿಡೋದು ಯಾಕೆ ಅಂತ.

ಸದ್ದು ನಿಂತಿತು. ಎಷ್ಟೋ ದಿನದ ಮೇಲೆ ಅವನು ನಿರಾಳವಾಗಿ ಉಸಿರು ಬಿಟ್ಟ.

ಸಂಜೆ ಹೆಂಡತಿಯನ್ನು ಕರೆತರಲು ಹೊರಟ. ಅವನು ಓಡಿಸುವ ವೇಗಕ್ಕೆ ಬ್ರೇಕಿನ ಅಗತ್ಯವೇ ಬೀಳುತ್ತಿರಲಿಲ್ಲ, ಸೈಕಲ್ಲಿನವರು ಹಿಂದೆ ಹಾಕಿ ಹೋಗುತ್ತಿದ್ದರು. ಗುಡ್ಡ ಹತ್ತುವಾಗಲಂತೂ ಕೈ ಸಡಿಲಿಸಿದರೆ ಗಾಡಿ ತಾನಾಗಿ ನಿಲ್ಲುತ್ತಿತ್ತು. ಎಲ್ಲೋ ಒಂದು ಕಡೆ ತುಳಿದಾಗ ಮೆತ್ತಗೆ ಅನ್ನಿಸಿತು. ಬೆಣ್ಣೆ ಹಾಗಾಗಿದೆ ಅಂತ ಒಳಗೊಳಗೇ ಹಿಗ್ಗಿದ.

ನರ್ಸಕ್ಕ ಗೇಟಿನಲ್ಲಿ ನಿಂತಿದ್ದಳು. ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಹೊರಟರು. ಅವಳು ಅವತ್ತು ಹುಟ್ಟಿದ ಕೂಸಿನ ಕಥೆ ಶುರು ಮಾಡಿದಳು. "ಏನು ಗಂಟಲು ಅಂತೀರಿ, ಇಡೀ ವಾರ್ಡೇ ಎದ್ದು ಕೂತಿತು…"

ಮೊದಲ ತಿರುವಿನಲ್ಲಿ ಬ್ರೇಕು ತುಳಿದ. ಕಾಲು ಸಲೀಸಾಗಿ ಕೆಳಗೆ ಹೋಯಿತು, ಗಾಡಿ ತನ್ನ ಪಾಡಿಗೆ ಓಡಿತು. ಕೈಬ್ರೇಕು ಹಿಡಿದ. ಅದೂ ಅಷ್ಟೇ, ಒದ್ದೆ ಸೋಪು ಹಿಡಿದ ಹಾಗೆ. ಬೆನ್ನ ಹಿಂದೆ ಹೆಂಡತಿಯ ಮಾತು ನಡೆದೇ ಇತ್ತು. ಹೇಳಬೇಕೋ ಬೇಡವೋ? ಹೇಳಿದರೆ ಅವಳು ಅಲುಗಾಡಬಹುದು. ಹೇಳದಿದ್ದರೆ…

ಗೇರು ಇಳಿಸಿದ. ಇಂಜಿನ್ನು ಗೊರ್ ಅಂತ ನರಳಿ ಸ್ವಲ್ಪ ಹಿಡಿದುಕೊಂಡಿತು. ಇನ್ನೊಂದು ಇಳಿಸಿದ. ಮತ್ತೂ ಸ್ವಲ್ಪ ಹಿಡಿಯಿತು, ಆದರೆ ಇಳಿಜಾರು ಕಡಿದಾಗುತ್ತ ಬಂದಿತ್ತು. ಕೆಳಗೆ ಮರಗಳ ಸಂದಿಯಲ್ಲಿ ಲಾರಿಯ ದೀಪ ಹಾದುಹೋಯಿತು. ಅದರ ಹಿಂದೆ ಇನ್ನೊಂದು. ಅವನು ಎರಡೂ ಕಾಲು ನೆಲಕ್ಕೆ ಊರಿ ಉಜ್ಜತೊಡಗಿದ.

"ಯಾಕ್ರೀ ಕಾಲು ಬಿಟ್ರಿ? ನಡ್ಕೊಂಡೇ ಹೋಗೋಣ್ವಾ?" ಅಂದಳು.

"ಗಟ್ಟಿಯಾಗಿ ಹಿಡ್ಕೊ," ಅಂದ ಅವನು. ದನಿ ಅವನದಾಗಿರಲಿಲ್ಲ. ಅವಳ ಕಥೆ ಅಲ್ಲಿಗೇ ನಿಂತಿತು. ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದಳು.

ಕೊನೆಯ ತಿರುವಿನಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು, ರಸ್ತೆ ಪಕ್ಕ ಮರಳು ಗುಡ್ಡೆ ಸುರಿದಿತ್ತು. ಗಾಡಿಯನ್ನು ಅದಕ್ಕೇ ತಿರುಗಿಸಿದ. ಮುಂದಿನ ಚಕ್ರ ಹೂತುಕೊಂಡು, ಗಾಡಿ ನಿಧಾನಕ್ಕೆ, ನಿದ್ದೆ ಬಂದವರ ಹಾಗೆ, ಪಕ್ಕಕ್ಕೆ ಮಲಗಿತು. ಇಬ್ಬರೂ ಮರಳಲ್ಲಿ ಬಿದ್ದರು. ಊಟದ ಡಬ್ಬಿ ಮಾತ್ರ ಉರುಳುತ್ತ ಉರುಳುತ್ತ ಕೆಳಗಿಳಿದು ದೊಡ್ಡ ರಸ್ತೆಗೆ ಹೋಯಿತು. ಲಾರಿಯೊಂದು ಅದರ ಮೇಲೆ ಹಾದದ್ದು ಇಬ್ಬರಿಗೂ ಕೇಳಿಸಿತು.

ಅವಳಿಗೆ ಮೊಣಕೈ ತರಚಿತ್ತು ಅಷ್ಟೇ. ಇವನ ಬೂಟಿನ ಅಟ್ಟೆ ಕಿತ್ತು ಹೋಗಿತ್ತು. ಗಾಡಿ ತಳ್ಳಿಕೊಂಡು ಶೆಡ್ಡಿಗೆ ಬಂದರು. ಮಾವ ಚಕ್ರ ಬಿಚ್ಚಿ ಒಳಗೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದ.

"ಇದಕ್ಕೆ ಎಣ್ಣೆ ಹಚ್ಚಿ ತಲೆ ಬಾಚಿದೋರು ಯಾರು?"

ಟೈಲರಣ್ಣ ಕಿತ್ತ ಅಟ್ಟೆ ನೋಡುತ್ತ ನಿಂತ. ಮಾವ ಅವನ ಮುಖ ನೋಡಿ ದನಿ ತಗ್ಗಿಸಿದ. "ನೋಡಯ್ಯಾ. ನಿನ್ನ ಮಿಷನ್ನು ಜಾರಬೇಕು. ಬ್ರೇಕು ಜಾರಬಾರದು, ಅದು ಉಜ್ಜಿಯೇ ಹಿಡಿಯೋದು. ಚೈನಿಗೆ ಬಿಡು, ಬೇಡ ಅನ್ನಲ್ಲ. ಇದರ ಹತ್ರ ಎಣ್ಣೆ ಡಬ್ಬಿ ತರಬೇಡ. ಈ ಲೈನರ್, ಅದೇ ಉಜ್ಜೋ ಪಟ್ಟಿ, ಎಣ್ಣೆ ಕುಡಿದುಬಿಟ್ಟಿದೆ, ಒರೆಸಿದ್ರೂ ಆಗಲ್ಲ, ಹೊಸದೇ ಹಾಕಬೇಕು. ತಪ್ಪು ನಂದೂ ಇದೆ. ನಿನ್ನಂಥೋನಿಗೆ ನಾಳಿದ್ದು ಬಾ ಅನ್ನಬಾರದಿತ್ತು."

"ನಾನೇ ಬಿಟ್ಟಿದ್ದು," ಅಂದ ಟೈಲರಣ್ಣ ಹೆಂಡತಿ ಕಡೆ ತಿರುಗಿ. "ಸದ್ದು ಬರುತ್ತೆ ಅಂತ."

ನರ್ಸಕ್ಕ ಹಳೇ ಟೈರಿನ ಮೇಲೆ ಕೂತಿದ್ದಳು. ಮೊಣಕೈಗೆ ಅಂಟಿದ್ದ ಮರಳು ಕೊಡವಿಕೊಂಡು ಎದ್ದಳು.

ಗಾಡಿ ಶೆಡ್ಡಿನಲ್ಲೇ ಉಳಿಯಿತು. ಮಾರಿಬಿಡು ಅಂತ ಟೈಲರಣ್ಣ ಮಾವನಿಗೆ ಹೇಳಿಬಂದ. ಅವಳು ಮತ್ತೆ ನಡೆದು ಇಳಿಯತೊಡಗಿದಳು. ಇವನು ಗುಡ್ಡದ ಅರ್ಧಕ್ಕೆ ಹೋಗಿ ಕಾಯುತ್ತಿದ್ದ. ಒಂದು ಸಂಜೆ ಎಷ್ಟು ಹೊತ್ತಾದರೂ ಬರಲಿಲ್ಲ. ಎದೆ ಬಾಯಿಗೆ ಬಂದವನ ಹಾಗೆ ಮೇಲಕ್ಕೆ ಓಡಿದ. ತಿರುವಿನ ಕಟ್ಟೆಯ ಮೇಲೆ ಕೂತಿದ್ದಳು, ಮಂಡಿ ಊದಿ ಬೂದುಗುಂಬಳದ ಹಾಗಾಗಿತ್ತು.

"ಹೊತ್ಕೊಂಡು ಹೋಗ್ತೀರಾ?" ಅಂದಳು.

ಅವನು ಬಗ್ಗಿದ, ನಿಜವಾಗಿ ಹೊರಲಿಕ್ಕೆ. ಅವಳಿಗೆ ನಗು ಬಂತು. ನಕ್ಕಾದ ಮೇಲೆ ಹೇಳಿದಳು: "ಗಾಡಿ ವಾಪಸ್ ತಗೊಂಬನ್ನಿ."

"ನನ್ನ ಕೈಲಾಗಲ್ಲ ಕಣೇ. ನಾನು ಏನಾದ್ರೂ ಮರೀತೀನಿ. ಇಲ್ಲಾ, ಮರೆಯೋ ಭಯಕ್ಕೆ ಏನಾದ್ರೂ ಜಾಸ್ತಿ ಮಾಡ್ತೀನಿ."

"ನಮ್ಮ ವಾರ್ಡಲ್ಲಿ ಕೂಸಿಗೆ ಔಷಧಿ ಕೊಡೋವಾಗ ಒಬ್ಬರೇ ಕೊಡಲ್ಲ. ಒಬ್ಬರು ಬಾಯಲ್ಲಿ ಕೇಳ್ತಾರೆ, ಇನ್ನೊಬ್ಬರು ಮುಟ್ಟಿ ನೋಡಿ ಉತ್ತರ ಹೇಳ್ತಾರೆ. ಎಷ್ಟು ವರ್ಷ ಸರ್ವೀಸ್ ಆಗಿದ್ರೂ ಸರಿ. ನೀವು ಒಬ್ಬರೇ ಹೆದರ್ತೀರಲ್ಲ, ಅದಕ್ಕೇ ಕೆಡೋದು. ಇಬ್ಬರೂ ಸೇರಿ ಹೆದರೋಣ."

ಅವತ್ತಿನಿಂದ ಆ ಮನೆಯ ಮುಂದೆ ದಿನಾ ಬೆಳಿಗ್ಗೆ ಒಂದು ಸವಾಲ್ ಜವಾಬು ಶುರುವಾಯಿತು. ಅವಳು ಮೆಟ್ಟಿಲ ಮೇಲೆ ಜಡೆ ಹಾಕಿಕೊಳ್ಳುತ್ತ ಕೇಳೋಳು, ಅವನು ಕುಕ್ಕರಗಾಲಲ್ಲಿ ಕೂತು ಮುಟ್ಟಿ ಹೇಳೋನು.

"ಗಾಳಿ?"

"ಎರಡಕ್ಕೂ ಇದೆ."

"ಚೈನು?"

"ಎರಡು ಬೆರಳು ಆಡುತ್ತೆ."

"ಎಣ್ಣೆ?"

"ಇಂಜಿನ್ನಿಗೆ ಇದೆ, ಚೈನಿಗೆ ಇದೆ. ಬೇರೆಲ್ಲೂ ಇಲ್ಲ."

"ಬ್ರೇಕು?"

ಇಲ್ಲಿ ಅವನು ಎದ್ದು, ಗಾಡಿಯನ್ನು ನಾಲ್ಕು ಹೆಜ್ಜೆ ತಳ್ಳಿ, ಒಂದೊಂದಾಗಿ ಎರಡನ್ನೂ ಹಿಡಿದು ನೋಡುತ್ತಿದ್ದ. "ಹಿಡಿಯುತ್ತೆ."

ಸಂಜೆ ಆಸ್ಪತ್ರೆ ಗೇಟಿನಲ್ಲಿ ಇನ್ನೊಮ್ಮೆ ಅದೇ. ಕಾವಲುಗಾರನಿಗೆ ಅದು ಬಾಯಿಪಾಠವಾಗಿ, ಇವರಿಗಿಂತ ಮೊದಲೇ ಉತ್ತರ ಹೇಳಿಬಿಡುತ್ತಿದ್ದ. ಬೀದಿ ಹೊಟ್ಟೆ ಹಿಡಿದು ನಕ್ಕಿತು. "ಇವತ್ತು ಪರೀಕ್ಷೇಲಿ ಪಾಸೇನಪ್ಪಾ?" ಅಂದಳು ಅಜ್ಜಿ. ಟೈಲರಣ್ಣ ತಲೆಯಾಡಿಸಿ ಹೊರಟ. ಬೀಗ ನೋಡಲು ವಾಪಸ್ಸು ಬಂದ, ಈಗ ಬೈಕಿನ ಮೇಲೆ. ಹಿಂದೆ ಕೂತ ನರ್ಸಕ್ಕ ಇಳಿಯುವ ಗೋಜಿಗೂ ಹೋಗದೆ ಆಕಾಶ ನೋಡುತ್ತಿದ್ದಳು.

ಭಯ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಪ್ರತಿ ಸಂಜೆ ಮರಳು ಗುಡ್ಡೆಯಿದ್ದ ಆ ತಿರುವಿನಲ್ಲಿ ಅವನ ಬೆನ್ನು ಬಿಗಿಯಾಗುವುದು ಅವಳ ಅಂಗೈಗೆ ಗೊತ್ತಾಗುತ್ತಿತ್ತು. ಅಲ್ಲಿ ಮನೆ ಎದ್ದು, ಅದಕ್ಕೆ ಎರಡು ಸಲ ಬಣ್ಣ ಬಳಿದಾದ ಮೇಲೂ ಬಿಗಿಯಾಗುತ್ತಿತ್ತು. ಆ ಭಯದಿಂದಲೇ ಒಂದು ಒಳ್ಳೇದೂ ಆಯಿತು. "ದಾರೀಲಿ ನನಗೇನಾದ್ರೂ ಆದ್ರೆ ನಿನ್ನನ್ನ ಯಾರು ಇಳಿಸ್ತಾರೆ?" ಅಂತ ರಾಗ ತೆಗೆದು, ಹಟ ಹಿಡಿದು, ಅವಳಿಗೂ ಓಡಿಸಲು ಕಲಿಸಿದ. ಅವನು ತಿಂಗಳುಗಟ್ಟಲೆ ಕಲಿತದ್ದನ್ನು ಅವಳು ವಾರದಲ್ಲಿ ಕಲಿತಳು. "ಮೆಲ್ಲಗೆ, ಮೆಲ್ಲಗೆ," ಅಂತ ಪಕ್ಕದಲ್ಲಿ ಓಡಿ ಓಡಿ ಬೆವರಿದ್ದು ಇವನೇ.

ವರ್ಷಗಳು ಹೋದವು. ಲೈನರ್ ಬದಲಾಯಿತು, ಚೈನು ಬದಲಾಯಿತು, ಮಾವನ ಕೂದಲು ನರೆಯಿತು. ಗಾಡಿ ಬೀಳಲಿಲ್ಲ. ಆದರೆ ಟೈಲರಣ್ಣನ ಉಸಿರು ಕಟ್ಟತೊಡಗಿತು. ಮೊದಲು ಮೆಟ್ಟಿಲಲ್ಲಿ, ಆಮೇಲೆ ಮಿಷನ್ ತುಳಿಯುವಾಗ, ಕೊನೆಗೆ ಸುಮ್ಮನೆ ಕೂತರೂ. ಒಂದು ಬೆಳಿಗ್ಗೆ ಡಾಕ್ಟರು ಆಸ್ಪತ್ರೆಗೆ ಸೇರಿಸಿಬಿಡಿ ಅಂದರು. ಗುಡ್ಡದ ಮೇಲಿನ ಅದೇ ಆಸ್ಪತ್ರೆ. ಆಂಬುಲೆನ್ಸ್ ತರಿಸ್ತೀನಿ ಅಂದಳು ನರ್ಸಕ್ಕ.

"ಅದರ ಬ್ರೇಕು ಯಾರು ನೋಡಿರ್ತಾರೋ ಏನೋ," ಅಂದ. "ನಮ್ಮ ಗಾಡೀಲೇ ಹೋಗೋಣ."

ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತೆವು. ಅವನು ಅವಳು ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತ. ಅವಳು ಅವನ ಹಾಗೆ ಗಾಡಿ ಪಕ್ಕ, ಆ ಮಂಡಿಯಲ್ಲೇ, ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತಳು.

"ಗಾಳಿ?" ಅಂದ. ಅದೊಂದು ಮಾತಿಗೇ ಉಸಿರು ಸಾಲಲಿಲ್ಲ.

"ಎರಡಕ್ಕೂ ಇದೆ ರೀ."

"ಚೈನು?"

"ಎರಡು ಬೆರಳು."

ಎಣ್ಣೆ ಅಂತ ಕೇಳುವಷ್ಟು ಗಾಳಿ ಎದೆಯಲ್ಲಿ ಉಳಿದಿರಲಿಲ್ಲ, ಕೈ ಎತ್ತಿ ತೋರಿಸಿದ. "ಎಲ್ಲಿರಬೇಕೋ ಅಲ್ಲಿದೆ. ಬೇರೆಲ್ಲೂ ಇಲ್ಲ," ಅಂದಳು. ಆಮೇಲೆ ಅವನು ಕೇಳುವ ಮೊದಲೇ ಎದ್ದು, ಗಾಡಿ ನಾಲ್ಕು ಹೆಜ್ಜೆ ತಳ್ಳಿ, ಎರಡೂ ಬ್ರೇಕು ಹಿಡಿದು ತೋರಿಸಿದಳು. "ಹಿಡಿಯುತ್ತೆ. ನೋಡಿದ್ರಾ? ಹಿಡಿಯುತ್ತೆ."

ನಾವು ಇಬ್ಬರು ಸೇರಿ ಅವನನ್ನು ಎತ್ತಿ ಹಿಂದೆ ಕೂರಿಸಿದೆವು. ಅವಳ ದುಪ್ಪಟ್ಟಾದಲ್ಲಿ ಅವನ ಸೊಂಟವನ್ನು ಅವಳ ಸೊಂಟಕ್ಕೆ ಕಟ್ಟಿದೆವು. ಅವಳು ಅದಕ್ಕೂ ಮೊದಲೇ ಬೀಗ ಹಾಕಿ, ಜಗ್ಗಿ ನೋಡಿ, ಬಂದು ಕೂತಿದ್ದಳು. "ಬೀಗ ನೀವೊಂದ್ಸಲ ನೋಡ್ತೀರಾ?" ಅಂತ ಕೇಳಿದಳು.

"ನೀನು ನೋಡಿದೀಯಲ್ಲ," ಅಂದ ಟೈಲರಣ್ಣ.

ಹೊರಟರು. ಅವನು ಓಡಿಸುತ್ತಿದ್ದಷ್ಟೇ ನಿಧಾನಕ್ಕೆ ಓಡಿಸಿದಳು. ತಿರುವಿನಲ್ಲಿ ಗಾಡಿ ಮರೆಯಾಯಿತು. ಅಜ್ಜಿ ಒಳಗೆ ಹೋಗಿ ಹಾಲು ಇಟ್ಟು ಬಂದಳು. ಬೀದಿಯೆಲ್ಲ ಬಾಗಿಲಲ್ಲೇ ನಿಂತು, ಆ ಇಂಜಿನ್ನಿನ ಸದ್ದು ವಾಪಸ್ಸು ಬರುತ್ತೇನೋ ಅಂತ ಕಿವಿ ಕೊಟ್ಟು ಕಾಯಿತು. ಒಳಗೆ ಹಾಲು ಉಕ್ಕಿತು. ಅವನು ಅವತ್ತು ಮನೆ ಬಿಟ್ಟದ್ದು ಒಂದೇ ಸಲ.