ಮಂಗಳವಾರ ಕೇಳದ ಸದ್ದು

ರಾತ್ರಿ ಹನ್ನೊಂದಾಯಿತೆಂದರೆ ಮಳವಳ್ಳಿಯ ಹಬೀಬುನ್ನೀಸಾಗೆ ನಿದ್ದೆ ಹಾರಿಹೋಗುತ್ತಿತ್ತು. ರೇಡಿಯೊದಲ್ಲಿ ‘ಅರ್ಧರಾತ್ರಿಯ ಅಚ್ಚರಿ’ ಶುರುವಾಗುವ ಹೊತ್ತು ಅದು. ರಂಜಿತ ಎಂಬ ಹುಡುಗಿ ನಡೆಸುವ ಕಾರ್ಯಕ್ರಮ. ಜನ ಫೋನು ಮಾಡಿ ಏನು ಬೇಕಾದರೂ ಕೇಳಬಹುದಿತ್ತು. ಮದ್ದೂರಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿದ್ದ ಮಾದಯ್ಯ ಮೇಷ್ಟ್ರು, ಕೊಳ್ಳಿದೆವ್ವದಿಂದ ಹಿಡಿದು ಧೂಮಕೇತುವಿನವರೆಗೆ ಎಲ್ಲಕ್ಕೂ ನಿಧಾನವಾಗಿ ಉತ್ತರ ಕೊಡುತ್ತಿದ್ದರು.

ಹಬೀಬುನ್ನೀಸಾ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಐವತ್ತು ದಾಟಿದ ಮೇಲೆ, ರವಿಕೆಗಳಿಗೆ ಹುಕ್ಕು ಹಾಕುತ್ತ ಕೂತು, ಆಕ್ಟೋಪಸ್ಸಿಗೆ ಮೂರು ಹೃದಯವೆಂದೂ ಮಂಗಳ ಗ್ರಹದಲ್ಲಿ ಹೊತ್ತು ಮುಳುಗುವಾಗ ಸೂರ್ಯನ ಸುತ್ತ ನೀಲಿ ಬೆಳಕೆಂದೂ ಕಲಿತಳು. ಬೆಳಿಗ್ಗೆ ಎದ್ದು ಗಂಡನಿಗೆ ಹೇಳುವಳು. ಗಂಡ ಫಕ್ರುದ್ದೀನ್ ಸ್ಕೂಟರ್ ಮೆಕ್ಯಾನಿಕ್. “ಅದಕ್ಕೆ ಮೂರಿದ್ರೆ ನಮಗೇನು, ಚಾ ಕೊಡು” ಎನ್ನುವನು. ಮಧ್ಯಾಹ್ನ ಅಂಗಡಿಗೆ ಬಂದ ಗಿರಾಕಿಗಳ ಮುಂದೆ ಅದನ್ನೇ ತಾನು ಓದಿ ತಿಳಿದವನಂತೆ ಬಿಡುವನು.

ಒಂದು ರಾತ್ರಿ ಮೇಷ್ಟ್ರು ಸದ್ದಿನ ವಿಷಯ ಎತ್ತಿಕೊಂಡರು. ಹಗಲಿನಲ್ಲಿ ನೆಲ ಕಾದು ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ, ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾದಾಗ ಅದೇ ಸದ್ದು ಕೆಳಕ್ಕೆ ಬಾಗಿ ದೂರದವರೆಗೂ ಕೇಳಿಸುತ್ತದೆ ಎಂದರು. ಹಬೀಬುನ್ನೀಸಾ ಸೂಜಿ ಕೆಳಗಿಟ್ಟಳು. ಇಷ್ಟು ವರ್ಷ ಕೇಳಿಯಷ್ಟೇ ಗೊತ್ತಿದ್ದವಳು ಅಂದು ಮೊದಲ ಸಲ ಫೋನು ಹಚ್ಚಿದಳು.

“ಸರ್, ನಮ್ಮಪ್ಪ ಶಿವನಸಮುದ್ರದ ಪವರ್ ಹೌಸ್‌ನಾಗೆ ಕೆಲ್ಸಕ್ಕಿದ್ರು. ಸಣ್ಣೋಳಿದ್ದಾಗ ಒಳೆ ಧುಮುಕೋ ಸದ್ದು ಕೇಳ್ಕಂಡೇ ಮಲಗ್ತಿದ್ದೆ. ಈಗ್ಲೂ ರಾತ್ರಿ ನಮ್ಮನೆ ಮಾಳಿಗೆ ಮೇಲೆ ನಿಂತ್ರೆ ಅದು ಕೇಳಿಸ್ತದೆ. ನೀವೇಳಿದ್ದು ಇದ್ಕೇ ಅಲ್ವಾ?”

ಮೇಷ್ಟ್ರು ಅವಳ ಊರು ಯಾವುದೆಂದು ಕೇಳಿ ತಿಳಿದುಕೊಂಡರು. “ತಾಯಿ, ಅಲ್ಲಿಂದ ನಿಮ್ಮೂರು ಹದಿನೈದು ಕಿಲೋಮೀಟ್ರಿಗೂ ಮೇಲಿದೆ. ನನಗೆ ಅನುಮಾನ. ಹಾಗಂತ ನೀವು ಹೇಳಿದ್ದು ಸುಳ್ಳು ಅಂತಲೂ ನಾನು ಹೇಳೋದಿಲ್ಲ. ಒಂದು ತಿಂಗಳು ಬರೆದಿಟ್ಕೊಳ್ಳಿ. ಯಾವ ರಾತ್ರಿ ಕೇಳ್ತು, ಯಾವ ರಾತ್ರಿ ಕೇಳ್ಲಿಲ್ಲ. ಆಮೇಲೆ ಮಾತಾಡೋಣ.”

ಅವಳಿಗೆ ಚುರುಕ್ಕೆಂದಿತು. ಮದುವೆಯಾಗಿ ಬಂದ ಹೊಸತರಲ್ಲಿ ಈ ಊರಿನ ರಾತ್ರಿಗಳು ಅವಳಿಗೆ ತೀರ ಖಾಲಿಯೆನಿಸುತ್ತಿದ್ದವು. ಐದಾರು ವರ್ಷದ ನಂತರ ಒಂದು ರಾತ್ರಿ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದಾಗ ಆ ಭೋರೆಂಬ ಸದ್ದು ಸಣ್ಣಗೆ ಕೇಳಿತ್ತು. ಊರು ಒಗ್ಗಿದ್ದಕ್ಕೆ ಹೊಳೆ ತನ್ನನ್ನು ಹುಡುಕಿಕೊಂಡು ಬಂದಿದೆ ಎಂದುಕೊಂಡಿದ್ದಳು. ಅಂದಿನಿಂದ ಬೇಜಾರಾದಾಗಲೆಲ್ಲ ಮಾಳಿಗೆ ಹತ್ತುವುದು ರೂಢಿಯಾಗಿತ್ತು.

ಆದರೂ ಬರೆದಿಟ್ಟಳು. ಕೇಳಿದ ರಾತ್ರಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ. ಮೂರನೇ ವಾರ ಮುಗಿಯುವಷ್ಟರಲ್ಲಿ ಫಕ್ರುದ್ದೀನ್ ಚಾ ಲೋಟ ಹಿಡಿದು ಅದರ ಮುಂದೆ ನಿಂತ.

“ಇದೇನೇ, ಮಂಗಳವಾರದ ಸಾಲು ಪೂರ್ತಿ ಖಾಲಿ?”

“ಕೇಳ್ಲಿಲ್ಲ, ಚುಕ್ಕೆ ಆಕ್ಲಿಲ್ಲ.”

“ಕಾವೇರಿಗೆ ಮಂಗಳವಾರ ರಜವಾ?”

ಅವಳು ನಗಲಿಲ್ಲ. ಅವನು ಹೇಳುವ ಮುಂಚೆಯೇ ಅವಳಿಗೂ ಅದು ಹೊಳೆದಿತ್ತು. ಬಾಯಿ ಬಿಟ್ಟು ಹೇಳಿಕೊಳ್ಳಲು ಮನಸ್ಸಾಗಿರಲಿಲ್ಲ, ಅಷ್ಟೆ.

ಎರಡು ದಿನ ಬಿಟ್ಟು, ರಾತ್ರಿ ಹನ್ನೆರಡರ ಹೊತ್ತಿಗೆ ಅವಳೇ ಗಂಡನನ್ನು ಎಬ್ಬಿಸಿದಳು. “ಸ್ಕೂಟರ್ ತೆಗೀರಿ. ಸದ್ದು ಎಲ್ಲಿಂದ ಬತ್ತದೋ ನೋಡೇ ಬುಡಾನ.” ಅವನು ಗೊಣಗುತ್ತಲೇ ಮಫ್ಲರ್ ಸುತ್ತಿಕೊಂಡ. ತಿರುವುತಿರುವಿಗೂ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಇಬ್ಬರೂ ಕಿವಿಗೊಟ್ಟರು. ಸದ್ದು ಶಿವನಸಮುದ್ರದ ದಿಕ್ಕಿನಿಂದ ಬರುತ್ತಿರಲಿಲ್ಲ. ಅದರ ಬೆನ್ನು ಹತ್ತಿ ಹೋದರೆ ಊರಾಚೆ, ಗದ್ದೆಗಳ ನಡುವೆ, ಒಂದು ರೈಸ್ ಮಿಲ್ಲು ಸಿಕ್ಕಿತು. ಗೇಟಿನ ಹತ್ತಿರ ನಿಂತರೆ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಭೋರ್ಗರೆತ.

ಕಾವಲುಗಾರ ಅಂಕಯ್ಯ ಟಾರ್ಚು ಬಿಟ್ಟು ನೋಡಿದ. “ಯಾರ್ಲಾ ಅದು? ಓ, ಫಕ್ರು ಸಾಬ್ರಾ. ಏನ್ ಈ ಒತ್ನಲ್ಲಿ?”

“ಇದೆಂಥ ಸದ್ದು ಅಣ್ಣ?” ಎಂದಳು ಹಬೀಬುನ್ನೀಸಾ.

“ಭತ್ತದ ಒಟ್ಟು ಊದೋ ಫ್ಯಾನು ಕಣಮ್ಮ. ಮಿಲ್ಲು ಕಟ್ದಾಗಿಂದ ಐತೆ, ಇಪ್ಪತ್ತೈದು ವರ್ಸ ಆಯ್ತು. ಮಂಗಳವಾರ ಮಾತ್ರ ಓಡಕಿಲ್ಲ.”

ಅಳು ಬರಬಹುದೆಂದು ಅವಳು ಕಾದಳು. ಬರಲಿಲ್ಲ. ಇಪ್ಪತ್ತೈದು ವರ್ಷ ಒಂದು ಫ್ಯಾನಿನ ಜೋಗುಳಕ್ಕೆ ಮಲಗಿದ್ದೆನಲ್ಲ ಎಂದು ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ಗೇಟಿಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಫಕ್ರುದ್ದೀನನೂ ಸೇರಿಕೊಂಡ. ಅಂಕಯ್ಯ ಏನೂ ತಿಳಿಯದೆ ಇಬ್ಬರಿಗೂ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟ.

ಮರುರಾತ್ರಿ ಅವಳು ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. “ನಂದೇ ತಪ್ಪು ಸರ್. ಅದು ಒಳೆ ಅಲ್ಲ, ರೈಸ್ ಮಿಲ್ಲು.”

“ತಾಯಿ,” ಎಂದರು ಮೇಷ್ಟ್ರು, “ಆರು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ. ವಿಚಿತ್ರ ಕಂಡೆ ಅಂತ ಫೋನ್ ಮಾಡಿದೋರು ಬೇಕಾದಷ್ಟು ಜನ. ಹೋಗಿ ನೋಡ್ಕೊಂಡು ಬಂದು, ನಾನಂದ್ಕೊಂಡಿದ್ದು ಅದಲ್ಲ ಅಂದೋರು ನೀವೊಬ್ರೇ.”

ಅವಳ ಕಿವಿ ಬಿಸಿಯಾಯಿತು. ಬೆನ್ನಿಗೇ ಮದ್ದೂರಿನ ಹತ್ತಿರದ ಕೊಪ್ಪದಿಂದ ದೀಪಿಕ ಎಂಬಾಕೆ ಕರೆ ಮಾಡಿದಳು. ತಮ್ಮ ಕಬ್ಬಿನ ಗದ್ದೆಯ ಆಚೆ ರಾತ್ರಿ ಹಸಿರು ಬೆಳಕು ಕಾಣುತ್ತದೆ, ಮನೆಯವರೆಲ್ಲ ಹೆದರುತ್ತಾರೆ, ತಾನೂ ನಾಳೆಯಿಂದ ದಿನ ಗುರುತು ಹಾಕುತ್ತೇನೆ ಎಂದಳು.

ಕೇಳುತ್ತಿದ್ದ ಫಕ್ರುದ್ದೀನ್ ಚಾಪೆಯ ಮೇಲೆ ಎದ್ದು ಕೂತ. “ಆ ಬೆಳಕು ಏನಿರಬೋದು ಹೇಳು?”

“ನೋಡ್ದೆ ಎಂಗೇಳನ?” ಎಂದಳು ಹಬೀಬುನ್ನೀಸಾ. “ಕೊಪ್ಪ ಏನು ದೂರವಾ, ಗಾಡಿಗೆ ಪೆಟ್ರೋಲ್ ಐತಾ ನೋಡ್ಕಳಿ.”