ಮೋರಿಯ ಮುಂದೆ ಬಿಟ್ಟ ಚಪ್ಪಲಿ

ಸೋಮವಾರ ಗುಡಿಗೆ ಬರಿಗಾಲಲ್ಲೇ ಹೋಗಬೇಕೆಂಬುದು ನನ್ನ ಅಪ್ಪನ ಹಟ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಪೀಣ್ಯದ ಕಾರ್ಖಾನೆಗಳಲ್ಲಿ ಕಬ್ಬಿಣ ಕಡೆಯುವ ಲೇತ್‌ಗಳಿಂದ ಬರುವ ಕಬ್ಬಿಣದ ಸುರುಳಿಗಳು ಲಾರಿಯಿಂದ ಉದುರಿ, ಬಿಸಿಲಿಗೆ ಮಿನುಗುತ್ತ ಬಿದ್ದಿರುತ್ತವೆ. ಅಂಥದೊಂದು ಅವರ ಅಂಗಾಲಿಗೆ ಹೊಕ್ಕಿತು. ಸಕ್ಕರೆ ಕಾಯಿಲೆಯ ಕಾಲು, ನೋವೇ ಗೊತ್ತಾಗಲಿಲ್ಲ. ಕೀವಾದ ಮೇಲೆ ಕೊಟ್ಟ ಆಂಟಿಬಯಾಟಿಕ್ ಒಂದೂ ನಾಟಲಿಲ್ಲ. "ಇನ್ನು ಪಾದ ತೆಗೆಯೋದೊಂದೇ ದಾರಿ," ಅಂದರು ಡಾಕ್ಟರು. ಆಮೇಲೆ ಸ್ವಲ್ಪ ಯೋಚಿಸಿ, "ಅದಕ್ಕೆ ಮುಂಚೆ ಫೇಜ್ ಅಂತ ಒಂದಿದೆ, ನೋಡೋಣ್ವಾ?" ಎಂದರು.

ಫೇಜ್ ಎಂದರೆ ಬ್ಯಾಕ್ಟೀರಿಯಾವನ್ನು ಹುಡುಕಿ ಕೊಲ್ಲುವ ವೈರಸ್. ನಮ್ಮ ತಂಟೆಗೆ ಬರುವುದಿಲ್ಲ. ಬ್ಯಾಕ್ಟೀರಿಯಾ ಎಲ್ಲಿ ಹೆಚ್ಚೋ ಅಲ್ಲೇ ಅದೂ ಹೆಚ್ಚು, ಅಂದರೆ ಕೊಳಚೆಯಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಪ್ರಯೋಗಾಲಯದವರು ಊರಿನ ಬೇರೆ ಬೇರೆ ಕಡೆಯ ನೀರು ತರಿಸಿದರು. ನಮ್ಮ ಬೀದಿಯ ಮೋರಿಯದನ್ನು ನಾನೇ ತುಂಬಿಕೊಂಡು ಹೋದೆ. ಅಪ್ಪ ಮೂಗು ಮುಚ್ಚಿಕೊಂಡೇ ದಾಟುತ್ತಿದ್ದ, ಸಿಕ್ಕ ಅಧಿಕಾರಿಗಳಿಗೆಲ್ಲ ದೂರುತ್ತಿದ್ದ ಮೋರಿ ಅದು. ಬೆಳಗಿನ ಮಂಜಿನಲ್ಲಿ ಅದರ ಮೇಲೆ ಹಬೆಯಾಡುತ್ತಿತ್ತು. ವಾಸನೆಯೊಂದನ್ನು ಮರೆತರೆ ಹೊಳೆಯೇ ಅನ್ನಿ.

ಕೆಲವು ದಿನಗಳ ಮೇಲೆ ಪ್ರಯೋಗಾಲಯದ ಹುಡುಗಿ ಗಾಜಿನ ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದಳು. ಅಪ್ಪನ ಗಾಯದ ಬ್ಯಾಕ್ಟೀರಿಯಾ ಅದರ ತುಂಬ ಕೆನೆಯಂತೆ ಹರಡಿತ್ತು. ನಡುವೆ ಅಲ್ಲಲ್ಲಿ ತಿಳಿಯಾದ ಚುಕ್ಕೆಗಳು. "ಇಲ್ಲೆಲ್ಲ ಫೇಜ್ ತಿಂದ್ಬಿಟ್ಟಿದೆ ಅಕ್ಕ. ನಿಮ್ಮ ಮೋರೀದೇ," ಅಂದಳು. ಆ ಚುಕ್ಕೆಗಳೊಳಗಿಂದ ಕಿಟಕಿಯಾಚೆಯ ಆಕಾಶ ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ.

ಔಷಧಿಯ ಸೀಸೆ ಬಂದಾಗ ಅಪ್ಪ ಮುಖ ಸಿಂಡರಿಸಿದರು. "ಆ ಮೋರಿ ನೀರಾ?"

"ಸೋಸಿ ಶುದ್ಧ ಮಾಡಿದ್ದಾರೆ ಅಪ್ಪ. ಪಾದ ಬೇಕೋ ಬೇಡ್ವೋ ಹೇಳಿ," ಎಂದು ರೇಗಿದೆ.

ಅವರು ದಿನಾ ಇಷ್ಟಲಿಂಗವಿಟ್ಟು ಪೂಜಿಸುವ ಎಡ ಅಂಗೈಯಲ್ಲಿ ಸೀಸೆಯನ್ನಿಟ್ಟುಕೊಂಡು ದಿಟ್ಟಿಸಿದರು. ಆಮೇಲೆ ಕಣ್ಣಿಗೊತ್ತಿಕೊಂಡು, ಗಾಯಕ್ಕೆ ಹಾಕಲೆಂದು ನರ್ಸ್ ಕೈಗೆ ಕೊಟ್ಟರು.

ಗಾಯ ನಿಧಾನವಾಗಿ, ನಿದ್ದೆ ಹತ್ತುವ ಹಾಗೆ, ಮುಚ್ಚಿಕೊಂಡಿತು. ಇನ್ನು ನಡೆಯಬಹುದೆಂದು ಡಾಕ್ಟರು ಹೇಳಿದ ಮೇಲಿನ ಮೊದಲ ಸೋಮವಾರ ಅಪ್ಪನ ಜೊತೆ ನಾನೂ ಗುಡಿಗೆ ಹೊರಟೆ. ಬರಿಗಾಲು ಖಂಡಿತ ಕೂಡದು ಎಂದಿದ್ದೆ. ಒಪ್ಪಿ ಚಪ್ಪಲಿ ಮೆಟ್ಟಿದ್ದರು. ಮೋರಿಯ ಹತ್ತಿರ ಬಂದಾಗ ನಿಂತರು. ಮೂಗು ಮುಚ್ಚಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು ಕೈಮುಗಿದರು.

ಬೈಯಬೇಕೆಂದು ಬಾಯಿ ತೆರೆದೆ. ಕಲ್ಲುಚಪ್ಪಡಿಯ ಮೇಲೆ ಎರಡು ಪಾದಗಳು ಜೋಡಿಯಾಗಿ ನಿಂತಿದ್ದವು. ಅಳು ಬಂತು. ಅಲ್ಲೇ ಕೂತು, ಸುತ್ತ ಕಬ್ಬಿಣದ ಚೂರೇನಾದರೂ ಇದೆಯೇ ಎಂದು ಕೈಯಾಡಿಸಿ ನೋಡಿ, ಒಂದಾದ ಮೇಲೊಂದರಂತೆ ಎರಡಕ್ಕೂ ಚಪ್ಪಲಿ ತೊಡಿಸಿದೆ.