ಜೈಲಿನಿಂದ ವಾಪಸ್ ಬಂದ ಎಳ್ಳು

ನಾನು ಶಾಲೆ ಬಿಟ್ಟದ್ದು ೧೯೯೧ರಲ್ಲಿ, ಎಂಟನೇ ಕ್ಲಾಸಿಗೆ. ಚರಿತ್ರೆ ಕಲಿತದ್ದು ಆಮೇಲೆ, ಅಮೆರಿಕದ ನಾರ್‌ಕ್ರಾಸ್ ಊರಿನ ಒಂದು ರೊಟ್ಟಿ ಅಂಗಡಿಯ ಒಲೆ ಮುಂದೆ. ಈ ಸಂಕ್ರಾಂತಿಗೆ ಎಳ್ಳು ಹುರಿಯುವಾಗ, ಆ ವಾಸನೆಗೆ ಅಂಗಡಿಯ ಯಜಮಾನರು ನೆನಪಾದರು…

ಅವರು ಕೆರಿಬಿಯನ್ ದ್ವೀಪವೊಂದರವರು. ಅವರ ಅಜ್ಜನನ್ನು ಬ್ರಿಟಿಷರು ಕಬ್ಬಿನ ತೋಟದ ಕೂಲಿಗೆಂದು ನಮ್ಮ ದೇಶದಿಂದ ಹಡಗಿನಲ್ಲಿ ಸಾಗಿಸಿದ್ದರು. ಒಂದು ದಿನ ಆ ಅಜ್ಜ ಪಾಸಿನ ಚೀಟಿ ಇಲ್ಲದೆ ತೋಟದ ಗಡಿ ದಾಟಿದ. ಅಷ್ಟೇ ತಪ್ಪು. ಜೈಲಿಗೆ ಹಾಕಿ ಕಲ್ಲು ಒಡೆಸಿದರು. ಅಲ್ಲೇ ಜ್ವರ ಬಂದು ಸತ್ತ. ಹೆಣವನ್ನೂ ಮನೆಯವರಿಗೆ ಕೊಡದೆ ಜೈಲಿನ ಅಂಗಳದಲ್ಲೇ ಹೂತರು.

ಆ ಜೈಲು ಈಗ ಕ್ರೂಸ್ ಹಡಗಿನವರು ಇಳಿದು ನೋಡುವ ಜಾಗ. ಕೋವಿಡ್ ತಗ್ಗಿದ ಮೇಲೆ ಯಜಮಾನರು ಅಲ್ಲಿಗೆ ಹೊರಟರು. ಮಂಡಿ ನೋವು, ಆಸರೆಗೆ ನಾನು. ಜೇಬಿನಲ್ಲಿ ಕರಿ ಎಳ್ಳಿನ ಪೊಟ್ಟಣ. ಯಾರೂ ಮಾಡದೆ ಉಳಿದಿದ್ದ ಅಜ್ಜನ ತರ್ಪಣವನ್ನು ಆ ಅಂಗಳದಲ್ಲೇ ಬಿಡಬೇಕೆಂಬುದು ಅವರ ಹಟ.

ಬಾಗಿಲಲ್ಲಿ ಟಿಕೆಟ್ ಕೇಳಿದರು. “ನಮ್ಮಜ್ಜನ ಹತ್ರ ಕೇಳಿದ್ರಾ?” ಅಂದರು ಯಜಮಾನರು.

ಒಳಗೆ ಗೈಡ್ ಕಡಲ್ಗಳ್ಳರ ಕಥೆ ಹೇಳುತ್ತಿದ್ದ; ಕೂಲಿಗಳ ಬಗ್ಗೆ ಒಂದು ಮಾತಿಲ್ಲ. ಜನ ಬಾಡಿಗೆಯ ಪಟ್ಟೆ ಅಂಗಿ ತೊಟ್ಟು, ಐಸ್‌ಕ್ರೀಮ್ ನೆಕ್ಕುತ್ತಾ, ಕಂಬಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಯಜಮಾನರು ಪೊಟ್ಟಣ ಬಿಚ್ಚಿದ್ದೇ ತಡ, ಗಾರ್ಡ್ ಓಡಿ ಬಂದ. ನೆಲಕ್ಕೆ ಏನೂ ಹಾಕಬಾರದು, ಹಳೇ ಜಾಗ ಹಾಳಾಗುತ್ತದೆ ಎಂದ. ಮನುಷ್ಯರನ್ನು ಹೂತಾಗ ಹಾಳಾಗದ ನೆಲ, ಹಿಡಿ ಎಳ್ಳಿಗೆ ಹಾಳಾಗುತ್ತದಂತೆ!

ಹೊರಗೆ ಬಂದು, ಸಮುದ್ರಕ್ಕಾದರೂ ಬಿಡೋಣ ಎಂದೆ.

“ಆ ನೀರೇ ಅವನನ್ನ ಇಲ್ಲಿಗೆ ತಂದು ಹಾಕಿದ್ದು. ಅದಕ್ಕೆ ಕೊಡಲ್ಲ, ಬೇಟಾ.”

ಮರುವರ್ಷ ಅವರೂ ಹೋದರು. ಹೋಗುವ ಮೊದಲು ಪೊಟ್ಟಣ ನನ್ನ ಕೈಗಿಟ್ಟರು…

ನಿನ್ನೆ ನನ್ನ ಅಡುಗೆಮನೆಗೆ ಎಳ್ಳುಬೆಲ್ಲ ಕೊಳ್ಳಲು ಬಂದ ಬೆಂಗಳೂರಿನ ಹುಡುಗನೊಬ್ಬ ಫೋನ್ ತೋರಿಸಿದ. ಅದೇ ಕಂಬಿ, ಅದೇ ಪಟ್ಟೆ ಅಂಗಿ.

“ಕ್ರೂಸ್‌ಗೆ ಹೋಗಿದ್ವಿ ಅಂಕಲ್. ಮಕ್ಕಳು ಫುಲ್ ಎಂಜಾಯ್ ಮಾಡಿದ್ರು!”

“ಅಲ್ಲಿ ಕೂಡಿ ಹಾಕಿದ್ದು ನಮ್ಮವರನ್ನ ಕಣಪ್ಪಾ.”

“ಅಯ್ಯೋ, ನಮ್ಮವರು ಅಲ್ಲೆಲ್ಲಿ ಅಂಕಲ್? ಅವರೆಲ್ಲ ಪೈರೇಟ್ಸ್ ಅಂತೆ.”

ಎಳ್ಳುಬೆಲ್ಲ ಖಾಲಿ ಅಂದೆ. ತುಂಬಿದ ಡಬ್ಬಿ ಅವನ ಕಣ್ಣೆದುರೇ ಇತ್ತು. ಬರಿಗೈಯಲ್ಲಿ ಹೋದ. ಹೋಗಲಿ.

ಈಗ ನನಗೆ ಸ್ವಂತ ಅಡುಗೆಮನೆ ಒಂದು, ವ್ಯಾನು ಎರಡು, ಜೊತೆಗೆ ದುಡಿಯುವವರು ನಾಲ್ಕು ಜನ. ಮೇಲಿನ ಶೆಲ್ಫಿನಲ್ಲಿ ಕರಿ ಎಳ್ಳಿನ ಪೊಟ್ಟಣ ಒಂದು.